ಕೊಂಕಣ–ಕಾರವಾರ ಕರಾವಳಿಯ ಡಾಲ್ಫಿನ್ ವೀಕ್ಷಣೆ

ಡಾಲ್ಫಿನ್ ವೀಕ್ಷಣೆ ಎಂದರೆ ಸಮುದ್ರದಲ್ಲಿ ಸ್ವತಂತ್ರವಾಗಿ ಬದುಕುವ ಡಾಲ್ಫಿನ್‌ಗಳನ್ನೂ ಅಪರೂಪಕ್ಕೆ ತಿಮಿಂಗಿಲಗಳನ್ನೂ ದೋಣಿಯಿಂದ ನೋಡಲು ಕೈಗೊಳ್ಳುವ ಕಿರುಪ್ರವಾಸ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆ, ಗೋವಾ ಹಾಗೂ ಕರ್ನಾಟಕದ ಉತ್ತರ ಕನ್ನಡ ಜಿಲ್ಲೆಯ ತೀರಗಳಲ್ಲಿ ಇದು ಮಳೆಗಾಲ ಮುಗಿದ ಮೇಲೆ ಆರಂಭವಾಗಿ ಮೇ ತಿಂಗಳವರೆಗೆ ನಡೆಯುತ್ತದೆ. ಬೇಸಿಗೆ ರಜೆಯಲ್ಲಿ ಪ್ರವಾಸಿಗರ ಸಂಖ್ಯೆ ಹೆಚ್ಚು. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನರಿಗೆ ಇದೇ ಹತ್ತಿರದ ಕಡಲು. ಇಲ್ಲಿ ದಡದಿಂದ ಸ್ವಲ್ಪವೇ ದೂರದಲ್ಲಿ ಕಾಣಸಿಗುವ ಡಾಲ್ಫಿನ್ ಅಳಿವಿನಂಚಿನ ಪ್ರಭೇದಕ್ಕೆ ಸೇರಿದ್ದು. ಅದು ದಡವನ್ನು ಬಿಟ್ಟು ಆಳಕ್ಕೆ ಹೋಗದಿರುವುದರಿಂದಲೇ ಪ್ರವಾಸಿಗರಿಗೆ ಸುಲಭವಾಗಿ ಕಾಣುತ್ತದೆ. ದೋಣಿ, ಬಲೆ, ಬಂದರುಗಳ ಉಪದ್ರವಕ್ಕೆ ಸಿಕ್ಕುವುದೂ ಅದೇ ಕಾರಣದಿಂದ.

ಹೆಸರುಗಳು

ತಿಮಿಂಗಿಲ ಎಂಬುದು ಸಂಸ್ಕೃತದಿಂದ ಬಂದ ಪದ. ತಿಮಿ ಎಂಬ ದೊಡ್ಡ ಮೀನನ್ನೂ ನುಂಗುವಂಥದ್ದು ಎಂಬುದು ಅದರ ಅರ್ಥ. ಅಮರಕೋಶದಲ್ಲಿ ಜಲಚರಗಳ ಹೆಸರುಗಳ ನಡುವೆ ಇದು ಬರುತ್ತದೆ. ಮರಾಠಿಯಲ್ಲಿ ತಿಮಿಂಗಿಲಕ್ಕೆ 'ದೇವಮಾಸಾ' ಎನ್ನುತ್ತಾರೆ. ಕನ್ನಡ, ಮರಾಠಿ ಎರಡನ್ನೂ ಆಡುವ ನಿಪ್ಪಾಣಿ, ಚಿಕ್ಕೋಡಿ ಭಾಗದವರಿಗೆ ಈ ಹೆಸರೂ ಪರಿಚಿತ. ಎರಡು ಭಾಷೆಗಳ ಹೆಸರುಗಳೂ ಈ ಪ್ರಾಣಿಯನ್ನು ಮೀನಿನೊಂದಿಗೆ ಸೇರಿಸಿವೆ. ವಾಸ್ತವದಲ್ಲಿ ತಿಮಿಂಗಿಲ, ಡಾಲ್ಫಿನ್, ಕಡಲಹಂದಿ ಮೂರೂ ಸಸ್ತನಿಗಳು. ಇವು ಶ್ವಾಸಕೋಶದಿಂದ ಉಸಿರಾಡುತ್ತವೆ, ಮರಿ ಹಾಕಿ ಹಾಲೂಡಿಸುತ್ತವೆ. ಮೀನಿನ ಬಾಲ ಎಡಬಲಕ್ಕೆ ಆಡಿದರೆ ಇವುಗಳ ಬಾಲ ಮೇಲೆ ಕೆಳಗೆ ಆಡುತ್ತದೆ. ಉಸಿರಿಗಾಗಿ ಇವು ನೀರಿನ ಮೇಲಕ್ಕೆ ಬರಲೇಬೇಕು. ವೀಕ್ಷಣೆ ಎಂಬ ಚಟುವಟಿಕೆ ಸಾಧ್ಯವಾಗಿರುವುದೇ ಇದರಿಂದ.

ವಿದ್ಯಾರ್ಥಿಗಳಲ್ಲಿ ಆಗಾಗ ಒಂದು ಗೊಂದಲ ಕಾಣುತ್ತದೆ. 2009ರಲ್ಲಿ ಭಾರತದ ರಾಷ್ಟ್ರೀಯ ಜಲಚರವೆಂದು ಘೋಷಿತವಾದದ್ದು ಗಂಗಾ ನದಿಯ ಡಾಲ್ಫಿನ್. ಅದು ಗಂಗಾ ಮತ್ತು ಬ್ರಹ್ಮಪುತ್ರ ನದಿವ್ಯವಸ್ಥೆಗಳ ಸಿಹಿನೀರಿನ ಪ್ರಾಣಿ. ಅರಬ್ಬಿ ಸಮುದ್ರದಲ್ಲಿ ಕಾಣುವ ಡಾಲ್ಫಿನ್‌ಗಳು ಬೇರೆ ಪ್ರಭೇದಗಳು. ಕೃಷ್ಣೆಯಲ್ಲಾಗಲಿ ಅದರ ಉಪನದಿಗಳಲ್ಲಾಗಲಿ ಡಾಲ್ಫಿನ್‌ಗಳಿಲ್ಲ.

ಗಡಿ ತಾಲ್ಲೂಕುಗಳಿಂದ ಕಡಲಿಗೆ

ಮೇಲೆ ಹೇಳಿದ ಐದು ತಾಲ್ಲೂಕುಗಳ ನೀರು ಪೂರ್ವಕ್ಕೆ ಹರಿಯುತ್ತದೆ. ವೇದಗಂಗಾ, ದೂಧಗಂಗಾ, ಕೃಷ್ಣಾ ಮೂರೂ ಸಹ್ಯಾದ್ರಿಯಲ್ಲಿ ಅರಬ್ಬಿ ಸಮುದ್ರಕ್ಕೆ ಸಮೀಪದಲ್ಲೇ ಹುಟ್ಟಿದರೂ ಅದಕ್ಕೆ ಬೆನ್ನು ಮಾಡಿ ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತವೆ. ಕಡಲಿಗೆ ಹೋಗುವವರು ನದಿಯ ದಿಕ್ಕಿಗೆ ಎದುರಾಗಿ ಘಟ್ಟ ಹತ್ತಿ ಇಳಿಯಬೇಕು.

ನಿಪ್ಪಾಣಿಯಿಂದ ರಾಧಾನಗರಿ, ದಾಜೀಪುರ, ಫೋಂಡಾ ಘಾಟ್ ಮಾರ್ಗವಾಗಿ ಸಿಂಧುದುರ್ಗ ಜಿಲ್ಲೆಗೆ ಇಳಿಯುವ ರಸ್ತೆಯನ್ನು ಆ ಭಾಗದಲ್ಲಿ ದೇವಗಡ–ನಿಪ್ಪಾಣಿ ರಸ್ತೆ ಎಂದೇ ಕರೆಯುತ್ತಾರೆ. ಒಳನಾಡಿನ ಒಂದು ಪೇಟೆಯ ಹೆಸರು ಕಡಲತಡಿಯ ಬಂದರಿನೊಂದಿಗೆ ರಸ್ತೆಯ ಹೆಸರಿನಲ್ಲಿ ಹೀಗೆ ಜೋಡಿಯಾಗಿದೆ. ಸಂಕೇಶ್ವರ, ಗಡಹಿಂಗ್ಲಜ, ಆಜರಾ, ಆಂಬೋಲಿ ಘಟ್ಟದ ಮೂಲಕ ಸಾವಂತವಾಡಿ ತಲುಪುವುದು ಇನ್ನೊಂದು ದಾರಿ; ಅಲ್ಲಿಂದ ಮಾಲವಣವೂ ಗೋವಾವೂ ಹತ್ತಿರ. ಕಾಗವಾಡ, ಅಥಣಿ, ರಾಯಬಾಗ ಕಡೆಯವರಿಗೆ ಮಿರಜ–ಬೆಳಗಾವಿ–ಲೋಂಡಾ ರೈಲುಮಾರ್ಗದ ಅನುಕೂಲವಿದೆ. ಶೇಡಬಾಳ, ಉಗಾರ ಖುರ್ದ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಲೋಂಡಾದಿಂದ ಮುಂದೆ ಕ್ಯಾಸಲ್ ರಾಕ್ ಮತ್ತು ದೂಧಸಾಗರ ಜಲಪಾತದ ಬದಿಯಿಂದ ರೈಲು ಗೋವೆಗೆ ಇಳಿಯುತ್ತದೆ. ಕಾರವಾರಕ್ಕೆ ಹೋಗುವವರು ಬೆಳಗಾವಿ ದಾಟಿ ಜೋಯಿಡಾ, ಅಣಶಿ ಘಟ್ಟದ ದಾರಿಯನ್ನಾಗಲಿ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ ದಾರಿಯನ್ನಾಗಲಿ ಹಿಡಿಯಬೇಕು.

ದೇವಬಾಗ ಎಂಬ ಹೆಸರಿನ ಊರುಗಳು ಎರಡಿವೆ: ಒಂದು ಮಾಲವಣದ ದಕ್ಷಿಣಕ್ಕೆ ಕರ್ಲಿ ನದಿಯ ಅಳಿವೆಯಲ್ಲಿ, ಇನ್ನೊಂದು ಕಾರವಾರದ ಬಳಿ ಕಾಳಿ ನದಿಯ ಅಳಿವೆಯಲ್ಲಿ. ಎರಡೂ ನದಿಗೂ ಕಡಲಿಗೂ ನಡುವೆ ಚಾಚಿದ ಮರಳುದಿಣ್ಣೆಗಳು, ಎರಡರಲ್ಲೂ ಡಾಲ್ಫಿನ್ ದೋಣಿಗಳು ಹೊರಡುತ್ತವೆ. ವಸತಿ ಕಾದಿರಿಸುವವರು ಯಾವ ರಾಜ್ಯದ ದೇವಬಾಗ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಗೂನು ಬೆನ್ನಿನ ಡಾಲ್ಫಿನ್

ಈ ತೀರದಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ನೋಡುವುದು ಹಿಂದೂ ಮಹಾಸಾಗರದ ಗೂನು ಬೆನ್ನಿನ ಡಾಲ್ಫಿನ್ ಅನ್ನು. ಇದರ ವೈಜ್ಞಾನಿಕ ಹೆಸರು ಸೌಸಾ ಪ್ಲಂಬಿಯಾ. ಎರಡನೆಯ ಪದಕ್ಕೆ ಸೀಸದ ಬಣ್ಣದ್ದು ಎಂಬ ಅರ್ಥ, ಮೈಬಣ್ಣವೂ ಬೂದು. ಬೆನ್ನಿನ ನಡುವೆ ಉದ್ದನೆಯ ದಿಬ್ಬದಂಥ ಉಬ್ಬು, ಅದರ ಮೇಲೆ ಚಿಕ್ಕದೊಂದು ಈಜುರೆಕ್ಕೆ ಇರುವುದು ಇದರ ಗುರುತು. ಬೆಳೆದ ಪ್ರಾಣಿ ಸುಮಾರು 2.5 ಮೀಟರ್ ಉದ್ದವಿರುತ್ತದೆ, ತೂಕ 200 ಕಿ.ಗ್ರಾಂ. ಮೀರಬಹುದು. ಹಿಂದೆ ಇದನ್ನು ಪೂರ್ವ ಏಷ್ಯಾದ ಗೂನು ಬೆನ್ನಿನ ಡಾಲ್ಫಿನ್‌ನೊಂದಿಗೆ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು; 2014ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾಯಿತು. ಹಳೆಯ ಪುಸ್ತಕಗಳಲ್ಲಿ ಕಾರವಾರ, ಗೋವಾ ಡಾಲ್ಫಿನ್‌ಗಳಿಗೆ ಬೇರೆ ಹೆಸರು ಕಂಡುಬರಲು ಇದೇ ಕಾರಣ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನಂಚಿನ ವರ್ಗದಲ್ಲಿ ಇರಿಸಲಾಗಿದೆ.

ದಕ್ಷಿಣ ಆಫ್ರಿಕಾದಿಂದ ಭಾರತದ ಪಶ್ಚಿಮ ತೀರದವರೆಗೆ ಹರಡಿರುವ ಈ ಪ್ರಭೇದ ಎಲ್ಲಿಯೂ ತೀರದ ಕಿರಿದಾದ ಪಟ್ಟಿಯನ್ನು ಬಿಟ್ಟು ಹೋಗುವುದಿಲ್ಲ. ಸಾಮಾನ್ಯವಾಗಿ 25 ಮೀಟರ್‌ಗಿಂತ ಕಡಿಮೆ ಆಳದ ನೀರು, ಅದರಲ್ಲೂ ನದಿಯ ಅಳಿವೆಗಳು ಇದಕ್ಕೆ ಪ್ರಿಯ. ಸಿಹಿನೀರು ಉಪ್ಪುನೀರು ಬೆರೆಯುವಲ್ಲಿ ಮೀನು ಸಮೃದ್ಧ. ಉಬ್ಬರದ ನೀರಿನೊಂದಿಗೆ ಮೀನಿನ ಹಿಂಡು ಒಳಸರಿದರೆ ಡಾಲ್ಫಿನ್‌ಗಳೂ ಅದರ ಬೆನ್ನು ಹತ್ತುತ್ತವೆ. ಕರ್ಲಿ, ಮಾಂಡೋವಿ, ಕಾಳಿ ನದಿಗಳ ಮುಖಗಳಲ್ಲಿ ಡಾಲ್ಫಿನ್ ದೋಣಿಗಳು ನೆಲೆಗೊಂಡಿರುವುದು ಆಕಸ್ಮಿಕವಲ್ಲ. ಇದು ಕೆಲವೇ ಪ್ರಾಣಿಗಳ ಸಣ್ಣ ಗುಂಪುಗಳಲ್ಲಿ ಸಂಚರಿಸುತ್ತದೆ. ಗರ್ಭಾವಧಿ ಸುಮಾರು 10ರಿಂದ 12 ತಿಂಗಳು. ಒಂದು ಹೆರಿಗೆಗೆ ಒಂದೇ ಮರಿ, ಮುಂದಿನದಕ್ಕೆ ಕೆಲವು ವರ್ಷಗಳ ಅಂತರ. ಇಷ್ಟು ನಿಧಾನವಾಗಿ ಹೆಚ್ಚುವ ಪ್ರಾಣಿ ಒಮ್ಮೆ ಕಡಿಮೆಯಾದರೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಪ್ರವಾಸಿ ಭಿತ್ತಿಚಿತ್ರಗಳಲ್ಲಿ ನೀರಿನಿಂದ ಚಿಮ್ಮಿ ಬಿಲ್ಲಿನಂತೆ ಬಾಗುವ ಡಾಲ್ಫಿನ್ ಬಹುಮಟ್ಟಿಗೆ ಬೇರೆ ಪ್ರಭೇದದ್ದು. ಗೂನು ಬೆನ್ನಿನ ಡಾಲ್ಫಿನ್ ಸಂಕೋಚದ ಪ್ರಾಣಿ; ಚಲಿಸುವ ದೋಣಿಯ ಮುಂದೆ ಆಡುತ್ತಾ ಬರುವುದು ವಿರಳ. ಮೊದಲು ಮೂತಿ, ಆಮೇಲೆ ಬೆನ್ನಿನ ಗೂನು ನೀರಿನ ಮೇಲೆ ಉರುಳಿದಂತೆ ಕಂಡು ಮರೆಯಾಗುತ್ತದೆ. ಆಳಕ್ಕೆ ಮುಳುಗುವಾಗ ಕೆಲವೊಮ್ಮೆ ಬಾಲವೂ ಕಾಣುತ್ತದೆ. ಒಂದೆರಡು ನಿಮಿಷದಲ್ಲಿ ಮತ್ತೆ ಅಲ್ಲೇ ಎಲ್ಲೋ ಮೇಲೆ ಬರುತ್ತದೆ. ಇಷ್ಟನ್ನು ಮೊದಲೇ ತಿಳಿದು ಹೋದವರಿಗೆ ನಿರಾಶೆಯಾಗುವುದಿಲ್ಲ.

ಇದೇ ನೀರಿನಲ್ಲಿ ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ ಕಡಲಹಂದಿಯೂ ಇದೆ. ಗಾತ್ರದಲ್ಲಿ ಚಿಕ್ಕದಾದ, ನೀರನ್ನು ಹೆಚ್ಚು ಕಲಕದೆ ಮೇಲೆದ್ದು ಮುಳುಗುವ ಇದನ್ನು ಗುರುತಿಸಲು ಅನುಭವ ಬೇಕು. ಹಿಂದೂ–ಪೆಸಿಫಿಕ್ ಬಾಟಲ್‌ನೋಸ್ ಡಾಲ್ಫಿನ್ ಕೂಡ ಈ ತೀರದಲ್ಲಿ ದಾಖಲಾಗಿದೆ. ಗಾಳಿಯಲ್ಲಿ ತಿರುಗುತ್ತಾ ಜಿಗಿಯುವ ಸ್ಪಿನ್ನರ್ ಡಾಲ್ಫಿನ್‌ಗಳ ದೊಡ್ಡ ಹಿಂಡುಗಳು ದೂರದ ಆಳಸಮುದ್ರದವು. ಅವನ್ನು ಕಾಣುವವರು ಹೆಚ್ಚಾಗಿ ಆಳಸಮುದ್ರ ಮೀನುಗಾರರು.

ತಿಮಿಂಗಿಲಗಳು

ಈ ತೀರದ ದೋಣಿವಿಹಾರಗಳಲ್ಲಿ ತಿಮಿಂಗಿಲ ಕಾಣುವುದು ಅಪರೂಪ. ಕಾರಣ ಸಮುದ್ರತಳದ ರಚನೆಯಲ್ಲಿದೆ. ಭಾರತದ ಪಶ್ಚಿಮ ತೀರದಲ್ಲಿ ಭೂಖಂಡದ ಅಂಚು ಹಲವು ಹತ್ತು ಕಿಲೋಮೀಟರ್‌ಗಳವರೆಗೆ ಆಳವಿಲ್ಲದೆ ಹರಡಿದೆ. ದೊಡ್ಡ ತಿಮಿಂಗಿಲಗಳು ಹೆಚ್ಚಾಗಿ ಸಂಚರಿಸುವ ಆಳದ ನೀರು ಅದರಾಚೆಗಿದೆ. ಶ್ರೀಲಂಕಾದ ದಕ್ಷಿಣ ತುದಿಯ ಮಿರಿಸ್ಸದಲ್ಲಿ ಈ ಅಂಚು ಬಹಳ ಕಿರಿದು, ಹೀಗಾಗಿ ಅಲ್ಲಿ ಬೆಳಗ್ಗೆ ಹೊರಟ ದೋಣಿ ನೀಲಿ ತಿಮಿಂಗಿಲವನ್ನು ನೋಡಿ ಅದೇ ದಿನ ಮರಳಬಲ್ಲದು. ಒಂದು ಗಂಟೆಯ ವಿಹಾರದಲ್ಲಿ ತಿಮಿಂಗಿಲ ತೋರಿಸುತ್ತೇವೆಂದು ಕಾರವಾರ ಅಥವಾ ಮಾಲವಣದಲ್ಲಿ ಯಾರಾದರೂ ಹೇಳಿದರೆ ಆ ಮಾತನ್ನು ಪೂರ್ತಿ ನಂಬಬೇಕಿಲ್ಲ. ತೀರಕ್ಕೆ ತುಸು ಹತ್ತಿರ ಬರುವುದು ಬ್ರೈಡ್ಸ್ ತಿಮಿಂಗಿಲ. ಸತ್ತು ದಡಕ್ಕೆ ಬಂದು ಬೀಳುವ ಪ್ರಕರಣಗಳಲ್ಲೂ ಇದರ ಹೆಸರು ಆಗಾಗ ಕೇಳಿಬರುತ್ತದೆ.

ಆದರೂ ಅರಬ್ಬಿ ಸಮುದ್ರದ ತಿಮಿಂಗಿಲಗಳ ಕಥೆ ಸಣ್ಣದಲ್ಲ. ಪ್ರಪಂಚದ ಇತರ ಗೂನು ಬೆನ್ನಿನ ತಿಮಿಂಗಿಲಗಳು ಬೇಸಿಗೆಯಲ್ಲಿ ಧ್ರುವಪ್ರದೇಶದ ಕಡೆಗೂ ಚಳಿಗಾಲದಲ್ಲಿ ಉಷ್ಣವಲಯಕ್ಕೂ ವಲಸೆ ಹೋಗುತ್ತವೆ. ಅರಬ್ಬಿ ಸಮುದ್ರದ ಗುಂಪು ಮಾತ್ರ ವರ್ಷವಿಡೀ ಇಲ್ಲೇ ಇರುತ್ತದೆ. ಮುಂಗಾರಿನ ಗಾಳಿ ಕಡಲಾಳದ ಪೋಷಕಾಂಶಗಳನ್ನು ಮೇಲಕ್ಕೆ ತರುವುದರಿಂದ ಅವಕ್ಕೆ ಬೇಕಾದ ಆಹಾರ ಈ ಸಮುದ್ರದಲ್ಲೇ ಸಿಗುತ್ತದೆ. ಅನುವಂಶಿಕ ಅಧ್ಯಯನಗಳ ಪ್ರಕಾರ ಈ ಗುಂಪು ಸುಮಾರು 70,000 ವರ್ಷಗಳಿಂದ ಇತರ ಗುಂಪುಗಳಿಂದ ಬೇರ್ಪಟ್ಟಿದೆ. ಸೋವಿಯತ್ ಹಡಗುಗಳು 1960ರ ದಶಕದ ಮಧ್ಯದಲ್ಲಿ ಅಂತರರಾಷ್ಟ್ರೀಯ ನಿಯಮ ಮೀರಿ ಈ ಸಮುದ್ರದಲ್ಲಿ 242 ಗೂನು ಬೆನ್ನಿನ ತಿಮಿಂಗಿಲಗಳನ್ನು ಕೊಂದವು. ಈ ವಿಷಯ ಬೆಳಕಿಗೆ ಬಂದದ್ದು ಸೋವಿಯತ್ ಒಕ್ಕೂಟ ಕುಸಿದ ಮೇಲೆ. ಒಮಾನ್ ತೀರದಲ್ಲಿ ನಡೆದ ಅಧ್ಯಯನವೊಂದು ಅಲ್ಲಿನ ಸಂಖ್ಯೆಯನ್ನು 82ರ ಆಸುಪಾಸು ಎಂದು ಅಂದಾಜು ಮಾಡಿತು.

2017ರಲ್ಲಿ ಒಮಾನಿನ ಸಂಶೋಧಕರು ಲುಬಾನ್ ಎಂದು ಹೆಸರಿಟ್ಟ ಹೆಣ್ಣು ತಿಮಿಂಗಿಲವೊಂದಕ್ಕೆ ಉಪಗ್ರಹ ಸಂಪರ್ಕದ ಸಾಧನ ಅಳವಡಿಸಿದರು. ಅರಬ್ಬಿಯಲ್ಲಿ ಲುಬಾನ್ ಎಂದರೆ ಧೂಪದ ಅಂಟು. ಅದು ಡಿಸೆಂಬರ್‌ನಲ್ಲಿ ಸಮುದ್ರವನ್ನು ಅಡ್ಡಲಾಗಿ ದಾಟಿ ಗೋವಾದ ಬಳಿಗೆ ಬಂದು, ಅಲ್ಲಿಂದ ತೀರದ ಗುಂಟ ದಕ್ಷಿಣಕ್ಕೆ ಸಾಗಿತು. ಎರಡು ದಡಗಳ ತಿಮಿಂಗಿಲಗಳು ಒಂದೇ ಗುಂಪಿನವು ಎಂಬ ಊಹೆಗೆ ಇದರಿಂದ ಬಲ ಬಂತು. ಗೋವಾದಿಂದ ದಕ್ಷಿಣಕ್ಕೆ ಹೋದದ್ದೆಂದರೆ ಕರ್ನಾಟಕದ ಕಡಲನ್ನು ಹಾದೇ ಹೋಗಿರಬೇಕು.

ಋತು ಮತ್ತು ಹೊತ್ತು

ಮುಂಗಾರು ಮುಗಿದು ಕಡಲು ಶಾಂತವಾಗುವ ಅಕ್ಟೋಬರ್‌ನಿಂದ ಮೇ ತಿಂಗಳ ನಡುಭಾಗದವರೆಗೆ ದೋಣಿವಿಹಾರದ ಕಾಲ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಏಪ್ರಿಲ್–ಮೇ ತಿಂಗಳಲ್ಲಿ ಬರುವುದರಿಂದ ಕುಟುಂಬದೊಂದಿಗೆ ಹೋಗುವವರ ದಟ್ಟಣೆ ಆಗಲೇ. ಮೇ ಕಳೆಯುತ್ತಿದ್ದಂತೆ ನೈಋತ್ಯದ ಅಲೆಗಳು ಏಳುತ್ತವೆ, ದೋಣಿಗಳನ್ನು ದಡಕ್ಕೆ ಎಳೆದು ತಾಳೆಗರಿ ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಪಶ್ಚಿಮ ತೀರದಲ್ಲಿ ಯಾಂತ್ರೀಕೃತ ಮೀನುಗಾರಿಕೆಗೂ ನಿಷೇಧವಿರುತ್ತದೆ.

ದಿನದ ಹೊತ್ತಿನ ಆಯ್ಕೆ ಋತುವಿನಷ್ಟೇ ಮುಖ್ಯ. ಬೇಸಿಗೆಯಲ್ಲಿ ರಾತ್ರಿಯಿಡೀ ನೆಲದಿಂದ ಕಡಲಿಗೆ ಮೆಲ್ಲಗೆ ಬೀಸುವ ಗಾಳಿ ಬೆಳಗಿನ ಹೊತ್ತಿಗೆ ನೀರನ್ನು ಸಮತಟ್ಟಾಗಿ ಇರಿಸುತ್ತದೆ. ನೆಲ ಕಾದಂತೆ ಗಾಳಿಯ ದಿಕ್ಕು ತಿರುಗಿ, ಮಧ್ಯಾಹ್ನಕ್ಕೆ ಕಡಲಗಾಳಿ ಬಲವಾಗಿ ಬೀಸುತ್ತದೆ. ಅಲೆಗಳ ತಲೆಯಲ್ಲಿ ಬಿಳಿನೊರೆ ಕಾಣಿಸಿಕೊಂಡ ಮೇಲೆ ಬೂದು ಬಣ್ಣದ ಬೆನ್ನನ್ನು ಗುರುತಿಸುವುದು ಕಷ್ಟ. ಆದ್ದರಿಂದ ಸೂರ್ಯೋದಯದಿಂದ ಒಂಬತ್ತು–ಹತ್ತು ಗಂಟೆಯವರೆಗಿನ ಅವಧಿ ಉತ್ತಮ. ಹೊಟ್ಟೆ ತೊಳಸುವ ತೊಂದರೆಯೂ ಬೆಳಗ್ಗೆ ಕಡಿಮೆ.

ದೋಣಿ ನಡೆಸುವವರು ಹೆಚ್ಚಾಗಿ ಮೀನುಗಾರ ಸಮುದಾಯದವರು: ಮಾಲವಣ, ಕಾರವಾರಗಳಲ್ಲಿ ಗಾಬಿತರು, ಉತ್ತರ ಕನ್ನಡದಲ್ಲಿ ಖಾರ್ವಿಗಳು, ಹರಿಕಂತ್ರರು, ಅಂಬಿಗರು. ಮೀನಿನ ಹಿಂಡು ಎಲ್ಲಿದೆಯೆಂಬುದನ್ನು ಕಡಲಹಕ್ಕಿಗಳ ಹಾರಾಟದಿಂದ ತಿಳಿಯುವ ಅವರ ವಿದ್ಯೆಯೇ ಡಾಲ್ಫಿನ್ ಹುಡುಕಲೂ ನೆರವಾಗುತ್ತದೆ. ಪ್ರವಾಸಿ ಋತುವಿನ ಈ ಆದಾಯ ಮೀನು ಕಡಿಮೆಯಾದ ವರ್ಷಗಳಲ್ಲಿ ಅನೇಕ ಮನೆಗಳಿಗೆ ಆಸರೆಯಾಗಿದೆ.

ಮುಖ್ಯ ಸ್ಥಳಗಳು

ಸಿಂಧುದುರ್ಗ ಜಿಲ್ಲೆಯಲ್ಲಿ ಮಾಲವಣ, ತಾರಕರ್ಲಿ, ದೇವಬಾಗ ಪ್ರಸಿದ್ಧ. ಶಿವಾಜಿ 1664ರಲ್ಲಿ ಕಟ್ಟಿಸಲು ಆರಂಭಿಸಿದ ಸಿಂಧುದುರ್ಗ ಜಲದುರ್ಗ ಮಾಲವಣದ ಎದುರಿಗೇ ಇದೆ. ಅದರ ಸುತ್ತಲಿನ ಕಡಲಿನ ಒಂದು ಭಾಗವನ್ನು 1987ರಲ್ಲಿ ಸಾಗರ ಅಭಯಾರಣ್ಯವೆಂದು ಘೋಷಿಸಲಾಯಿತು. ಗೋವಾದಲ್ಲಿ ಮಾಂಡೋವಿಯ ಮುಖದ ಸಿಂಕೇರಿ, ನೆರೂಲಿನ ಕೋಕೋ ಬೀಚ್ ಹಾಗೂ ದಕ್ಷಿಣದ ಪಾಳೊಳೆಂ ಕಡೆಗಳಿಂದ ದೋಣಿಗಳು ಹೊರಡುತ್ತವೆ. 'ಡಾಲ್ಫಿನ್ ಕಾಣದಿದ್ದರೆ ಹಣ ಬೇಡ' ಎಂಬ ಫಲಕಗಳು ಅಲ್ಲಿ ಸಾಮಾನ್ಯ. ಇದರ ಪರಿಣಾಮವನ್ನು ಮುಂದೆ ಹೇಳಿದೆ.

ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವಲ್ಲಿ ಕೂರ್ಮಗಡ, ದೇವಗಡ ಮೊದಲಾದ ದ್ವೀಪಗಳ ನಡುವಿನ ನೀರು ಡಾಲ್ಫಿನ್‌ಗಳ ನೆಲೆ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ಅಧ್ಯಯನ ವಿಭಾಗ ಇಲ್ಲಿನ ಕೋಡಿಬಾಗದಲ್ಲಿದೆ. ಗೋಕರ್ಣದ ಓಂ ಬೀಚ್ ಮತ್ತು ಮುರ್ಡೇಶ್ವರದಿಂದಲೂ ದೋಣಿಗಳಿವೆ. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗುಕ್ರೀಡೆಗಾಗಿ ಹೋಗುವವರಿಗೂ ದಾರಿಯಲ್ಲಿ ಡಾಲ್ಫಿನ್ ಕಾಣುವುದುಂಟು.

ಅಂತರದ ಪ್ರಶ್ನೆ

ಹಣ ಕೊಟ್ಟು ತಿಮಿಂಗಿಲ ನೋಡುವ ದೋಣಿವಿಹಾರ 1955ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಒಂದು ಡಾಲರ್ ಟಿಕೆಟ್ಟಿನೊಂದಿಗೆ ಆರಂಭವಾಯಿತು. ಬೇಟೆಗೆ ಬದಲಿಯಾಗಿ ಬೆಳೆದ ಉದ್ಯಮವೆಂದು ಇದನ್ನು ಹೊಗಳುವುದುಂಟು. ಆದರೆ ನೋಡುವುದರಿಂದಲೂ ಹಾನಿಯಾಗಬಲ್ಲದು. ಡಾಲ್ಫಿನ್ ತಾನು ಹೊರಡಿಸಿದ ಶಬ್ದದ ಮರುದನಿಯಿಂದ ದಿಕ್ಕನ್ನೂ ಆಹಾರವನ್ನೂ ಅರಿಯುತ್ತದೆ. ಎಂಜಿನ್‌ಗಳ ಸದ್ದು ಈ ಶಬ್ದಗಳನ್ನು ಮುಳುಗಿಸುತ್ತದೆ. ನಾಲ್ಕಾರು ದೋಣಿಗಳು ಸುತ್ತುವರಿದರೆ ಗುಂಪು ಮೇವನ್ನು ಬಿಟ್ಟು ದೂರ ಸರಿಯುತ್ತದೆ, ತಾಯಿಯಿಂದ ಮರಿ ಬೇರಾಗಬಹುದು, ಎಂಜಿನ್ ರೆಕ್ಕೆಯಿಂದ ಗಾಯವೂ ಆಗಬಹುದು. ಬಾಡಿಗೆ ಡಾಲ್ಫಿನ್ ಕಾಣುವುದರ ಮೇಲೆಯೇ ನಿಂತಿರುವಾಗ ದೋಣಿಯವನು ಅದನ್ನು ಬೆನ್ನಟ್ಟದೆ ಬೇರೆ ದಾರಿಯಿಲ್ಲ. ಇಂಥ ಕರಾರಿನಲ್ಲಿ ತಪ್ಪು ದೋಣಿಯವನೊಬ್ಬನದೇ ಅಲ್ಲ, ಹತ್ತಿರ ಹೋಗೆಂದು ಒತ್ತಾಯಿಸುವ ಪ್ರವಾಸಿಯದೂ ಇದೆ.

ಆಸ್ಟ್ರೇಲಿಯಾದ ರಾಷ್ಟ್ರೀಯ ಮಾರ್ಗಸೂಚಿಯಂತೆ ದೋಣಿಗಳು ಡಾಲ್ಫಿನ್‌ನಿಂದ 50 ಮೀಟರ್, ತಿಮಿಂಗಿಲದಿಂದ 100 ಮೀಟರ್ ದೂರದಲ್ಲಿರಬೇಕು. ಗುಂಪಿನ ಹಿಂದಿನಿಂದಾಗಲಿ ಎದುರಿನಿಂದಾಗಲಿ ನುಗ್ಗದೆ ಪಕ್ಕದಲ್ಲಿ ಸಮಾನಾಂತರವಾಗಿ ನಿಧಾನ ಚಲಿಸುವುದು ಎಲ್ಲೆಡೆ ಒಪ್ಪಿತವಾದ ಕ್ರಮ. ಎಂಜಿನ್ ನಿಲ್ಲಿಸಿ ಕಾದರೆ ಗೂನು ಬೆನ್ನಿನ ಡಾಲ್ಫಿನ್ ಹಲವು ವೇಳೆ ತಾನಾಗಿಯೇ ಹತ್ತಿರ ಮೇಲೇಳುತ್ತದೆ. ಆಗ ಅದು ಉಸಿರು ಬಿಡುವ ಸದ್ದು ಕೂಡ ಕೇಳುತ್ತದೆ.

ಭಾರತದಲ್ಲಿ ಎಲ್ಲ ತಿಮಿಂಗಿಲ, ಡಾಲ್ಫಿನ್‌ಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯ ರಕ್ಷಣೆ ಪಡೆದಿವೆ. ಆ ಕಾಯಿದೆ 'ಬೇಟೆ' ಎಂಬುದಕ್ಕೆ ಕೊಡುವ ಅರ್ಥ ವಿಶಾಲವಾದುದು: ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಪ್ರಾಣಿಯನ್ನು ಅಟ್ಟುವುದೂ ಅದರಲ್ಲಿ ಸೇರಿದೆ. ಮೊದಲ ಅನುಸೂಚಿಯ ಪ್ರಾಣಿಯ ಬೇಟೆಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸವಿದೆ. ಹಿಂದೂ ಮಹಾಸಾಗರವನ್ನು ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ 1979ರಲ್ಲಿ ತಿಮಿಂಗಿಲ ಅಭಯಧಾಮವೆಂದು ಘೋಷಿಸಿತು. ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಟ್ಟು ಆಟ ಆಡಿಸುವ ಪ್ರದರ್ಶನಾಲಯಗಳಿಗೆ ಅನುಮತಿ ನೀಡಬಾರದೆಂದು ಕೇಂದ್ರ ಸರ್ಕಾರ 2013ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಸೂಚಿಸಿತು. ಹೀಗಾಗಿ ಕಡಲಿನ ಡಾಲ್ಫಿನ್ ಅನ್ನು ಭಾರತದಲ್ಲಿ ನೋಡಬೇಕೆಂದರೆ ಕಡಲಿಗೇ ಹೋಗಬೇಕು.

ಪ್ರವಾಸಿಗರ ಸುರಕ್ಷತೆ

ಹೊಳೆಯಲ್ಲಿ ಈಜು ಬಲ್ಲವರಿಗೂ ಕಡಲಿನ ಸೆಳೆತ ಬೇರೆಯದೇ ಆಗಿರುತ್ತದೆ. ಅಳಿವೆಯ ಬಾಯಿಯಲ್ಲಿ ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿನ ಅಲೆಯೊಂದಿಗೆ ಡಿಕ್ಕಿ ಹೊಡೆದು ದೋಣಿಯನ್ನು ಹೊಯ್ದಾಡಿಸುತ್ತದೆ. ಡಾಲ್ಫಿನ್ ಕಾಣುವ ಜಾಗವೂ ಬಹುಪಾಲು ಅದೇ. ಒಂದು ಪಕ್ಕದಲ್ಲಿ ಡಾಲ್ಫಿನ್ ಕಂಡ ಕೂಡಲೇ ಎಲ್ಲರೂ ಎದ್ದು ಅತ್ತ ಬಾಗುವುದು ಸಣ್ಣ ದೋಣಿಗಳಲ್ಲಿ ಅತ್ಯಂತ ಅಪಾಯಕಾರಿ.

2019ರ ಜನವರಿ 21ರಂದು, ಪುಷ್ಯ ಹುಣ್ಣಿಮೆಯ ದಿನ, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಗೆ ಹೋಗಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಒಳನಾಡಿನ ಜಿಲ್ಲೆಗಳಿಂದ ಬಂದವರೂ ಇದ್ದರು. ದೋಣಿಯಲ್ಲಿ ಸಾಮರ್ಥ್ಯ ಮೀರಿ ಜನರಿದ್ದರೆಂದು ಆಗ ವರದಿಯಾಗಿತ್ತು. ಅದು ಡಾಲ್ಫಿನ್ ವಿಹಾರದ ದೋಣಿಯಾಗಿರಲಿಲ್ಲ, ಆದರೆ ನೀರು ಅದೇ ನೀರು.

ದೋಣಿ ಹತ್ತುವ ಮುನ್ನ ನೋಂದಣಿ ಸಂಖ್ಯೆ ಮತ್ತು ಅನುಮತಿಸಿದ ಪ್ರಯಾಣಿಕರ ಸಂಖ್ಯೆಯನ್ನು ಗಮನಿಸಬೇಕು. ಲೈಫ್ ಜಾಕೆಟ್ಟನ್ನು ಕಾಲ ಬಳಿ ಇಟ್ಟುಕೊಳ್ಳದೆ ತೊಟ್ಟು ಪಟ್ಟಿಗಳನ್ನು ಬಿಗಿಯಬೇಕು. ದೊಡ್ಡವರ ಜಾಕೆಟ್ಟು ಮಕ್ಕಳ ಮೈಮೇಲೆ ನಿಲ್ಲುವುದಿಲ್ಲ. ಮಕ್ಕಳ ಅಳತೆಯದನ್ನೇ ಕೇಳಿ ಪಡೆಯಬೇಕು, ಸಿಗದಿದ್ದರೆ ಅವರನ್ನು ಆ ದೋಣಿಗೆ ಹತ್ತಿಸಬಾರದು.